ಸೆಲೆಕ್ಟರ್ ಹೇಳಿದ ಕಾರಣ

ತಂಗಿಯ ಹೆಸರು ಹೇಳಿದರೆ ಇವರೆಲ್ಲ ಏನಂದುಕೊಳ್ಳುತ್ತಾರೆ? ಹೇಳದಿದ್ದರೆ ಅವಳು ಏನಂದುಕೊಳ್ಳುತ್ತಾಳೆ?

ಪೆನ್ಸಿಲ್ ಬೋರ್ಡಿನ ಪಕ್ಕ ನಿಂತು ಒದ್ದಾಡುತ್ತಿದ್ದ. ತೆಳ್ಳಗೆ, ಉದ್ದಕ್ಕೆ ಇದ್ದುದರಿಂದ ಕ್ಲಾಸಿನವರು ಅವನಿಗೆ ಇಟ್ಟ ಹೆಸರು ಅದು.

ಇದಕ್ಕೆಲ್ಲ ಮೂಲ ಇಂಗ್ಲಿಷ್ ಮೇಡಂ ಅವರ ಬಿಸ್ಕತ್ತಿನ ಡಬ್ಬ. ಒಳಗೆ ಬಿಸ್ಕತ್ತಿಲ್ಲ, ಬರೀ ಚೀಟಿಗಳು. ವಾರಕ್ಕೊಬ್ಬರು ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ಪದದ ಅರ್ಥ ಹೇಳಿ, ಆಮೇಲೆ ಆ ಕೆಲಸವನ್ನು ಮಾಡಿಯೂ ತೋರಿಸಬೇಕು. ಹೋದ ವಾರ 'ಕ್ಲೀನರ್' ಬಂದವನು ಕಿಟಕಿ ಒರೆಸಿ ಒರೆಸಿ ಸುಸ್ತಾಗಿದ್ದ. ಈ ವಾರ ಪೆನ್ಸಿಲ್‌ಗೆ ಬಂದದ್ದು 'ಸೆಲೆಕ್ಟರ್'.

"ಕ್ರಿಕೆಟ್ ಟೀಮ್ ಆರಿಸೋರು, ಮೇಡಂ" ಎಂದಿದ್ದ.

"ಅವರೂ ಹೌದು. ಅವರೊಬ್ರೇ ಅಲ್ಲ. ಏನನ್ನೇ ಆಗ್ಲಿ, ನೋಡಿ ಆರಿಸೋರೆಲ್ಲ ಸೆಲೆಕ್ಟರೇ. ಆದ್ರೆ ಯಾಕೆ ಆರಿಸ್ದೆ ಅಂತ ಕೇಳಿದ್ರೆ ಕಾರಣ ಹೇಳೋಕೆ ಬರಬೇಕು. ಇನ್ನು ನಿನ್ನ ಮಾತೇ ಕೊನೆ" ಎಂದು ಮೇಡಂ ಕೆಲಸ ಕೊಟ್ಟೇಬಿಟ್ಟರು. ವಾರ್ಷಿಕೋತ್ಸವದ ದಿನ ಮೈಕಿನ ಮುಂದೆ ಸ್ವಾಗತ ಓದುವವರನ್ನು ಅವನು ಆರಿಸಬೇಕು.

ಕೈ ಎತ್ತಿದವರು ಇಬ್ಬರೇ. ಒಬ್ಬ ಕ್ಯಾಪ್ಟನ್. ಬ್ಯಾಟೂ ಚೆಂಡೂ ಅವನವೇ ಆದ್ದರಿಂದ ಆಟದಲ್ಲಿ ಯಾವಾಗಲೂ ಅವನೇ ಕ್ಯಾಪ್ಟನ್. ಇನ್ನೊಬ್ಬಳು ಸೀಟಿ; ಮೈದಾನದ ಆಚೆಗೂ ಧ್ವನಿ ಕೇಳಿಸುತ್ತಿದ್ದುದರಿಂದ ಆ ಹೆಸರು. ಪೆನ್ಸಿಲ್‌ನ ಅವಳಿ ತಂಗಿ, ಅವನಿಗಿಂತ ಹತ್ತೇ ನಿಮಿಷ ಚಿಕ್ಕವಳು. ಏನಾದರೂ ಬೇಕಾದಾಗ ಮಾತ್ರ 'ಅಣ್ಣ', ಉಳಿದಂತೆ 'ಲೋ'.

ಕ್ಯಾಪ್ಟನ್ ಓದಿದ. ಅರ್ಧ ಪದಗಳನ್ನು ನುಂಗಿದ, ಉಳಿದರ್ಧವನ್ನು ತನ್ನ ಶರ್ಟಿನ ಕಾಲರಿಗೆ ಹೇಳಿದ.

ಸೀಟಿ ಓದಿದಳು. 'ಪ್ರೀತಿಯ ಪೋಷಕರೇ' ಎಂದು ಅವಳು ತಲೆ ಎತ್ತಿದಾಗ ಹಿಂದಿನ ಬೆಂಚಿನ ಗುಜುಗುಜು ತಾನಾಗಿ ನಿಂತಿತು. ಪೆನ್ಸಿಲ್‌ಗೆ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಯಾರೋ ಪಿಸುಗುಟ್ಟಿದರು. "ಬಿಡ್ರೋ, ತಂಗೀನ ಬಿಟ್ಟು ಇನ್ಯಾರನ್ನ ಆರಿಸ್ತಾನೆ ಇವನು? ಎಲ್ಲ ಮನೆಯಲ್ಲೇ ಫಿಕ್ಸ್!"

ಕಿಸಕ್ಕನೆ ನಗು. ಅವನ ಕಿವಿ ಬಿಸಿಯಾಯಿತು.

"ಕ್ಯಾಪ್ಟನ್" ಎಂದುಬಿಟ್ಟ.

ಮೇಡಂ ಹುಬ್ಬೇರಿಸಿದರು. "ಕಾರಣ?"

ಕಾರಣವೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ಅವಳ ಧ್ವನಿ... ಕೀರಲು, ಮೇಡಂ. ಮೈಕಲ್ಲಿ ಕಿವಿಗೆ ಚುಚ್ಚುತ್ತೆ."

ಮೇಡಂ ಒಂದು ಕ್ಷಣ ಅವನನ್ನೇ ನೋಡಿ, ಕ್ಯಾಪ್ಟನ್ ಹೆಸರು ಬರೆದುಕೊಂಡರು.

"ಸೂಪರ್ ಕಣೋ ಪೆನ್ಸಿಲ್! ಫುಲ್ ಫೇರ್!" ಎಂದು ಹಿಂದಿನ ಬೆಂಚಿನವರು ಬೆನ್ನು ತಟ್ಟಿದರು. ಸೀಟಿ ಓದಿದ ಹಾಳೆಯನ್ನು ಮಡಿಚಿದಳು. ಮತ್ತೆ ಮಡಿಚಿದಳು. ಅದು ಬೆರಳಿನಷ್ಟು ಚಿಕ್ಕದಾಯಿತು.

ಮನೆಯ ದಾರಿಯಲ್ಲಿ ಅವಳು ಜಗಳ ಶುರು ಮಾಡಲಿ ಎಂದು ಅವನು ಕಾದ. ಅವಳು ಮಾಡಲಿಲ್ಲ.

"ಕೋಪಾನಾ?"

"ಯಾಕೆ? ನಮ್ಮ ಧ್ವನಿ ನಮಗೇ ಸರಿಯಾಗಿ ಕೇಳ್ಸಲ್ವಂತೆ. ನೀನು ಹೇಳಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ಅಷ್ಟು ಜನದ ಮುಂದೆ ಮಾನ ಹೋಗ್ತಿತ್ತು."

ಅವಳು ಒಂದು ಗುದ್ದು ಕೊಟ್ಟಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಕಣ್ಣು ಮಂಜಾಗಿದ್ದ ತಾತ ಬೆರಳಿನಿಂದಲೇ ತಡವಿ ತಡವಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ. ಪ್ರತಿ ಸಂಜೆ ಮೆಷಿನ್ನಿನ ಸದ್ದನ್ನೂ ಮೀರಿಸಿ ತಾತನಿಗೆ ಪೇಪರ್ ಓದಿ ಹೇಳುತ್ತಿದ್ದವಳು ಸೀಟಿ.

"ಎಲ್ಲಿ ಹೋಯ್ತು ನನ್ನ ರೇಡಿಯೋ? ಇವತ್ತಿನ್ನೂ ಆನ್ ಆಗಿಲ್ವಲ್ಲ?" ಎಂದ ತಾತ.

"ಇವತ್ತಿಂದ ಅಣ್ಣ ಓದ್ತಾನೆ ತಾತ. ನನ್ನ ಧ್ವನಿ ಕೀರಲು. ಪಾಪ, ಇಷ್ಟು ದಿನ ನೀನು ಸಹಿಸ್ಕೊಂಡಿದ್ದೆ."

ಅಮ್ಮನ ಕಾಲು ನಿಂತಿತು. "ಯಾರೇ ಹಾಗಂದಿದ್ದು?"

"ಅಣ್ಣಾನೇ ಅಂದಿದ್ದಮ್ಮ. ನಮ್ಮೋನೇ ಅಲ್ವಾ, ಸುಳ್ಳು ಹೇಳ್ತಾನಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅಮ್ಮ ಮಗನ ಕಡೆ ನೋಡಿದಳು. ಅವನು ಪೇಪರ್ ಅಗಲಿಸಿ ಮುಖಕ್ಕೆ ಅಡ್ಡ ಹಿಡಿದ.

ಓದತೊಡಗಿದ. ತಾತ ಕಿವಿಗೆ ಕೈ ಆನಿಸಿ ಮುಂದೆ ಬಾಗಿದ. "ಸ್ವಲ್ಪ ಜೋರಾಗಿ ಮಗು." ಸೀಟಿ ತಲೆ ತಗ್ಗಿಸಿ ತಾತನ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪದಪದಕ್ಕೂ ತಡವರಿಸುತ್ತಿದ್ದ ಪೆನ್ಸಿಲ್‌ಗೆ ಒಂದು ಸಂಗತಿ ಹೊಳೆಯಿತು. ಬೇರೆ ಯಾರೇ ಹೇಳಿದ್ದರೂ ಅವಳು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ಹೇಳಿದ್ದಕ್ಕೇ ನಂಬಿದ್ದಳು.

ವಾರ್ಷಿಕೋತ್ಸವ ಬಂತು, ಹೋಯಿತು. ಕ್ಯಾಪ್ಟನ್ ಮೈಕಿನಲ್ಲೂ ಪದ ನುಂಗಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಸೀಟಿ. ಸಂಜೆಯ ಪೇಪರ್ ಪೆನ್ಸಿಲ್‌ಗೇ ಉಳಿಯಿತು. ಪೇಪರ್ ಕೈಗೆತ್ತಿಕೊಂಡಾಗಲೆಲ್ಲ ಅವನು ಅವಳ ಕಡೆ ತಿರುಗುತ್ತಿದ್ದ, ಬಾಯಿ ತೆರೆಯುತ್ತಿದ್ದ, ಆಮೇಲೆ ಮೊದಲ ಸುದ್ದಿಯನ್ನು ಓದುತ್ತಿದ್ದ.

ಅವಳ ಧ್ವನಿ ಕೀರಲಲ್ಲ, ನಗುವವರಿಗೆ ಹೆದರಿ ತಾನು ಆ ಕಾರಣ ಕಟ್ಟಿದ್ದು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.