ಅಪ್ಪನ ಮೂರು ಜಿಗ್‌ಗಳು

"ಅದರ ಮೇಲಿಂದ ಕೈ ತೆಗೀರಿ!"

ಸೌಜನ್ಯಳ ಕೂಗಿಗೆ ಬಾಲ್ಕನಿಯಲ್ಲಿದ್ದ ಯುವಕ ಬೆಚ್ಚಿ ಎದ್ದು ನಿಂತ. ಅವನ ಕೈಯಲ್ಲಿ ಅಪ್ಪನ ಜಿಗ್... ಪಕ್ಕದಲ್ಲಿ ಬಾಯಿ ತೆರೆದ ಚೀಲ!

ರಬಾಳೆಯ ಆಫೀಸಿನಿಂದ ಡೊಂಬಿವಲಿಯ ಮನೆಗೆ ಅವಳು ಆಗ ತಾನೇ ಬಂದಿದ್ದಳು. ಅಪ್ಪ ಸರ್ವೋತ್ತಮರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಹೋಟೆಲಿನ ಕೆಲಸ ಬಿಟ್ಟ ಮೇಲೆ ಬಾಲ್ಕನಿಯ ಪುಟ್ಟ ಲೇತಿನಲ್ಲಿ ಮರದ ಪೆನ್ನು ಕಡೆಯುವುದೇ ಅವರಿಗೆ ಜಪವಾಗಿತ್ತು. ಮರದ ತುಂಡನ್ನು ಅಲುಗದಂತೆ ಹಿಡಿದು ನೆಟ್ಟಗೆ ತೂತು ಕೊರೆಯಲು ಕಟ್ಟಿಗೆಯ ಮೂರು ಚೌಕಟ್ಟುಗಳಿದ್ದವು. ಅವೇ ಜಿಗ್‌ಗಳು. ಆಯುಧಪೂಜೆಯ ದಿನ ಸೌಜನ್ಯ ಮೊದಲ ಕುಂಕುಮವನ್ನು ಅವಕ್ಕೇ ಇಡುತ್ತಿದ್ದಳು.

"ನಾನು ಪೃಥ್ವಿರಾಜ್. ಅಂಬರನಾಥದಲ್ಲಿ ಮರಗೆಲಸದ ಗಾಲಾ ಇದೆ, ಸಣ್ಣ ವರ್ಕ್‌ಶಾಪು. ಇವು ಮೂರೇ ಸಾಕು, ಲೇತ್ ಬೇಡ..."

"ಲೇತ್ ಬೇಡ, ಹಳೇ ಕಟ್ಟಿಗೆ ಬೇಕಾ? ನನ್ನನ್ನೇನು ಪಾಗಲ್ ಅಂದ್ಕೊಂಡ್ರಾ?"

"ಕೊಡು ಮಗಾ. ಅಪ್ಪನ ಪರಿಚಯದವ," ಎಂದರು ತಾಯಿ ಉಮಾವತಿ, ಕಣ್ಣು ತಪ್ಪಿಸಿ.

'ಅಪ್ಪನ ತಲೆಯಿಂದ ಬಂದ ವಸ್ತು. ಇದನ್ನೇ ನಕಲು ಮಾಡಿ ಮಾರುತ್ತಾನೆ!' ಸೌಜನ್ಯ ಮೂರನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಆದರೆ ಅಪ್ಪ ಅರ್ಧಕ್ಕೆ ಬಿಟ್ಟ ಪೆನ್ನುಗಳಿದ್ದವು. ಅವನ್ನು ತಾನೇ ಪೂರ್ತಿ ಮಾಡಿ, ವರ್ಷಾಂತಿಕದ ದಿನ ದೇವರ ಮುಂದಿಟ್ಟು ಬಂದವರಿಗೆ ಹಂಚಬೇಕೆಂಬುದು ಅವಳ ಆಸೆ. ಕಲಿಸಲು ಬೇರೆ ಯಾರಿದ್ದರು? ಒಲ್ಲದ ಮನಸ್ಸಿನಿಂದಲೇ ಪೃಥ್ವಿರಾಜನನ್ನು ಕೇಳಿದಳು; ಅವನು ಭಾನುವಾರ ಭಾನುವಾರ ಬರತೊಡಗಿದ.

ಕಪಾಟಿನತ್ತ ಅವನ ನೋಟ ಹೋದಾಗಲೆಲ್ಲ ಅವಳ ಎದೆ ಬಿಗಿಯುತ್ತಿತ್ತು. ಉಳಿ ಹಿಡಿಯಲು ಕಲಿಸುತ್ತ ಅವನು ನಕ್ಕಾಗ... ಅದೇ ಎದೆ ಬೇರೆಯೇ ರೀತಿಯಲ್ಲಿ ಬಡಿದುಕೊಳ್ಳುತ್ತಿತ್ತು.

"ತೂತಿಗೆ ಅಪ್ಪನ ಜಿಗ್ಗೇ ತರ್ಲಾ?"

"ಬೇಡ ಬೇಡ! ನಿಮಗೆ ಬೇರೆ ಮಾಡಿ ಕೊಡ್ತೇನೆ."

"ಯಾಕೆ?"

"ಅದು... ನಿಮಗೆ ಸರಿ ಹೋಗಲ್ಲ."

ಪ್ಲೈವುಡ್ ಚೂರುಗಳಿಂದ ಅವನು ಹೊಸ ಜಿಗ್ ಮಾಡಿದ. ಮೇಲಿನ ಅಂಚು ಸಾಲದೆಂದು ತಿರುಗಿಸಿ ತಳದ ಅಂಚನ್ನೂ ಉಜ್ಜಿ ದುಂಡಗೆ ಮಾಡಿದ.

"ತಳ ಯಾರು ನೋಡ್ತಾರೆ?"

"ನೋಡಲ್ಲ. ಎತ್ತುವಾಗ ಬೆರಳಿಗೆ ಚುಚ್ಚತ್ತೆ."

'ಇಷ್ಟು ಮೃದು ಮನಸ್ಸಿನವನು ಕಳ್ಳನೇ? ಅಥವಾ ನಾಟಕವೇ?'

ಒಂದು ಶನಿವಾರ ಸಂಜೆ ತಡೆಯಲಾರದೆ ಅವಳು ಕಪಾಟು ತೆರೆದಳು. ಅಪ್ಪನ ಜಿಗ್ಗನ್ನು ಮೇಜಿಗೆ ಬಿಗಿದು ಡ್ರಿಲ್ ಹಿಡಿಯಹೋದಳು. ಕೈ ತಾನಾಗಿಯೇ ಒಂದು ತಗ್ಗಿನೊಳಗೆ ಕುಳಿತುಕೊಂಡಿತು. ತಗ್ಗಿನಲ್ಲಿ ಮೆತ್ತನೆಯ ಬಟ್ಟೆ. ಪಕ್ಕದಲ್ಲಿ ಚರ್ಮದ ಪಟ್ಟಿ. ಮಣಿಕಟ್ಟನ್ನು ಕಟ್ಟಿಹಾಕುವ ಪಟ್ಟಿ!

ಮರ ಅಲುಗದಿರಲು ಚೌಕಟ್ಟು ಸಾಕಿತ್ತು. ಕೈಯನ್ನೇಕೆ ಕಟ್ಟಬೇಕು?

ಅವಳು ಜಿಗ್ಗನ್ನು ಬಿಚ್ಚಿ ತಿರುಗಿಸಿದಳು. ತಳದ ಅಂಚು... ದುಂಡಗಿತ್ತು.

ಮರುದಿನ ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಇವನ್ನು ಮಾಡಿದ್ದು ನೀವು. ಅಪ್ಪನ ಕೈ ನಡುಗ್ತಿತ್ತು, ಅಲ್ವಾ?"

ಅವನು ತಲೆ ತಗ್ಗಿಸಿದ.

"ಸೀದಾ ಹೇಳಿ!"

"ಹೌದು. ನಿಮಗೆ ಗೊತ್ತಾದ್ರೆ ಮೆಷಿನ್ ಮುಟ್ಟೋಕೆ ಬಿಡಲ್ಲ ಅಂತ ಹೆದರ್ತಿದ್ರು. ಕೊನೆಗೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, 'ನಾನು ಹೋದ ಮೇಲೆ ಇವನ್ನು ಮನೆಯಿಂದ ತೆಗೆದುಬಿಡು. ಅಪ್ಪನ ಕೈ ನಡುಗೋದನ್ನ ನಾನು ನೋಡಲೇ ಇಲ್ಲವಲ್ಲ ಅಂತ ಮಗಳು ಕೊರಗಬಾರದು' ಅಂದ್ರು. ದೇವರ ಹೆಸರಲ್ಲಿ ಮಾತು ಕೊಟ್ಟೆ."

ಸೌಜನ್ಯ ನೆಲದ ಮೇಲೆ ಕುಳಿತಳು. ಹಿಂದೊಮ್ಮೆ ಅಪ್ಪನ ಬಟ್ಟಲಿನ ಚಹಾ ಚೆಲ್ಲಿದಾಗ, "ಪೇಪರ್ ಓದ್ತಾ ಕುಡೀಬೇಡಿ ಅಪ್ಪಾ" ಎಂದು ಗದರಿದ್ದಳಲ್ಲ! ಅಪ್ಪ ನಕ್ಕಿದ್ದರಲ್ಲ! ಇಷ್ಟು ದಿನ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು.

ಬಾಗಿಲಲ್ಲಿ ನಿಂತಿದ್ದ ಉಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಂಗೂ ಆಣೆ ಹಾಕಿಸಿದ್ರು ಮಗಾ..." ಎಂದು ಮೆಲ್ಲನೆ ಒಳಗೆ ಸರಿದರು.

ಪೃಥ್ವಿರಾಜ್ ನೆಲದ ಮೇಲೆ, ಅವಳ ಎದುರು ಕುಳಿತ.

"ನಾನು ಏನೇನೋ ಅಂದೆ ನಿಮಗೆ... ಆದ್ರೂ ಯಾಕೆ ಬರ್ತಿದ್ರಿ?"

"ಮೊದಮೊದಲು ಜಿಗ್‌ಗೋಸ್ಕರ. ಆಮೇಲೆ... ವಾರವೆಲ್ಲ ಭಾನುವಾರ ಯಾವಾಗ ಬರತ್ತೆ ಅಂತ ಕಾಯೋದೇ ಆಯ್ತು. ನೀವಂದ್ರೆ ನಂಗೆ ಇಷ್ಟ, ಸೌಜನ್ಯಾ."

ಅವಳು ಕೆಂಪಾದ ಕಣ್ಣುಗಳನ್ನೆತ್ತಿ ಅವನನ್ನೇ ನೋಡಿದಳು. "ಇನ್ನು ನನ್ನಿಂದ ಏನೂ ಮುಚ್ಚಿಡಬಾರದು."

"ಹಾಗಾದ್ರೆ ಇನ್ನೊಂದಿದೆ."

ಅವಳ ಹುಬ್ಬು ಗಂಟಿಕ್ಕಿತು. "ಏನು?"

"ಪೆನ್ನು ಕಡೆಯೋದು... ಎರಡು ಭಾನುವಾರದಲ್ಲಿ ಕಲಿಸಬಹುದಿತ್ತು. ಬೇಕಂತಲೇ ಎಳೆದೆ."

ಅಳುವಿನ ನಡುವೆಯೇ ಸೌಜನ್ಯಳಿಗೆ ನಗು ಬಂತು. ಅವನ ಒರಟು ಅಂಗೈಯ ಮೇಲೆ ತನ್ನ ಕೈಯಿಟ್ಟಳು.

"ಇನ್ನೂ ಸ್ವಲ್ಪ ನಿಧಾನವಾಗಿ ಕಲಿಸಿ."