ಟ್ರ್ಯಾಕ್ಟರ್ ರೀಲಿನೊಳಗಿನ ಮದುಮಗಳು

ಪರದೆಯ ಮೇಲೆ ಟ್ರ್ಯಾಕ್ಟರೊಂದು ಹೊಲ ಉಳುತ್ತಲೇ ಇತ್ತು. ಮುದಿ ನಿರ್ದೇಶಕ ಲಿವಿಯುಗೆ ಆಕಳಿಕೆ ಬಂತು.

"ಇದನ್ನ ತೋರಿಸೋಕೆ ಕರೆಸಿದೆಯಾ, ಮಧುಮತಿ?"

"ಒಂದೇ ನಿಮಿಷ ಸರ್, ಪ್ಲೀಸ್."

ಮಧುಮತಿ ಮೈಸೂರಿನ ಹುಡುಗಿ. ಜರ್ಮನಿಯ ಕಾರ್ಲ್ಸ್‌ರುಹೆಯ ಪುಟ್ಟ ಲ್ಯಾಬೊಂದರಲ್ಲಿ ಹಳೆಯ ಫಿಲ್ಮುಗಳನ್ನು ತೊಳೆದು, ಸ್ಕ್ಯಾನ್ ಮಾಡಿ ಮತ್ತೆ ನೋಡುವಂತೆ ಮಾಡುವುದು ಅವಳ ಕೆಲಸ. ಲಿವಿಯುವಿನ ಸಿನಿಮಾಗಳನ್ನೆಲ್ಲ ಒಟ್ಟಿಗೆ ಪ್ರದರ್ಶಿಸಲು ತಿಂಗಳುಗಳಿಂದ ದುಡಿಯುತ್ತಿದ್ದಳು. ಇವತ್ತು ಯಾಕೋ ಅವಳ ದನಿ ನಡುಗುತ್ತಿತ್ತು.

ಟ್ರ್ಯಾಕ್ಟರು ತಿರುಗಿತು. ಮರುಕ್ಷಣ ಪರದೆ ತುಂಬ ಒಬ್ಬ ಮದುಮಗಳು! ಪಕ್ಷದ ಅಧಿಕಾರಿಯೊಬ್ಬ ಭಾಷಣ ಬಿಗಿಯುತ್ತಿದ್ದಾಗ ಅವಳು ಕಿಸಕ್ಕನೆ ನಕ್ಕುಬಿಟ್ಟಳು. ಇಡೀ ಮದುವೆಮನೆ ಗೊಳ್ಳೆಂದಿತು.

ಲಿವಿಯು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. ಸುಟ್ಟು ಬೂದಿಯಾದದ್ದು ಇಲ್ಲಿಗೆ ಹೇಗೆ ಬಂತು?

ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅವನು ತೆಗೆದ ಮೊದಲ ಸಿನಿಮಾದ ಕೊನೆಯ ದೃಶ್ಯ ಅದು. ಕಮ್ಯುನಿಸ್ಟ್ ಸರ್ಕಾರದ ಸೆನ್ಸಾರಿನವರು ಆ ನಗುವನ್ನು ಸಹಿಸಲಿಲ್ಲ. ಕತ್ತರಿಸಿ ಸುಡಿ ಎಂದರು. ಕತ್ತರಿಸಿದವಳು ಎಡಿಟರ್ ಇಲಿಂಕಾ. ಅವನ ಇಲಿಂಕಾ. ಕೆಲಸದ ನಡುವೆ ಓರೆಗಣ್ಣಲ್ಲಿ ನೋಡಿ, ಅವನು ತಿರುಗಿದೊಡನೆ ಏನೂ ಗೊತ್ತಿಲ್ಲದವಳಂತೆ ರೆಪ್ಪೆ ಬಾಗಿಸುತ್ತಿದ್ದವಳು. ಅವತ್ತು ಅವಳು ಕಣ್ಣೆತ್ತಲೇ ಇಲ್ಲ.

ಆಮೇಲೆ ಸಿನಿಮಾವನ್ನೇ ನಿಷೇಧಿಸಿದರು. ಲಿವಿಯು ಚಿತ್ರೋತ್ಸವದ ನೆಪದಲ್ಲಿ ಜರ್ಮನಿಗೆ ಬಂದವನು ವಾಪಸ್ ಹೋಗಲಿಲ್ಲ. ಅವಳಿಗೊಂದು ಮಾತೂ ಹೇಳಲಿಲ್ಲ. ಇಲ್ಲಿ ವಾಷಿಂಗ್ ಮೆಷಿನ್ ಜಾಹೀರಾತು ಮಾಡಿದ, ಟೀವಿಗಾಗಿ ಸೇತುವೆಗಳ ಬಗ್ಗೆ ಡಾಕ್ಯುಮೆಂಟರಿ ಮಾಡಿದ. ಹೇಗೋ ಹಣ ಹೊಂದಿಸಿ ತೆಗೆದ ಕಥಾಚಿತ್ರಗಳನ್ನು ವಿಮರ್ಶಕರು ಹೊಗಳಿದರು, ಜನ ಬರಲಿಲ್ಲ. ಮದುವೆಯ ಯೋಚನೆಯನ್ನೇ ಬಿಟ್ಟ.

"ಯಾರು ಮಾಡಿದ್ದು ಇದು?" ಎಂದ ಲಿವಿಯು.

"ಈ ಟ್ರ್ಯಾಕ್ಟರ್ ಫಿಲ್ಮು ಬುಖಾರೆಸ್ಟ್‌ನ ಫಿಲ್ಮ್ ಆರ್ಕೈವ್‌ನಿಂದ ನಿಮ್ಮ ಸಿನಿಮಾಗಳ ಜೊತೆ ಬಂದಿತ್ತು. ಇದನ್ನ ಎಡಿಟ್ ಮಾಡಿದವರೂ ಇಲಿಂಕಾ ಮೇಡಮ್ಮೇ ಸರ್. ಇಷ್ಟು ಬೋರಿಂಗ್ ಡಾಕ್ಯುಮೆಂಟರೀನ ಯಾವ ಅಧಿಕಾರಿ ಮತ್ತೆ ನೋಡ್ತಾನೆ ಅಂತ ಇದರೊಳಗೆ ಅಂಟಿಸಿ ಬಚ್ಚಿಟ್ಟಿದಾರೆ. ಸ್ಕ್ಯಾನ್ ಮಾಡ್ತಾ ಇದ್ದಾಗ ನಾನೇ ಕಿರುಚಿಬಿಟ್ಟೆ."

"ಅವಳು... ಇದಾಳಾ?"

ಮಧುಮತಿ ಬಾಗಿಲಿನ ಕಡೆ ನೋಡಿದಳು. "ಆರ್ಕೈವ್‌ನವರೇ ಅವರ ನಂಬರ್ ಕೊಟ್ಟರು. ಮೇಡಮ್ ಬೆಳಿಗ್ಗೆ ಫ್ಲೈಟಲ್ಲಿ ಬಂದರು. ಹೊರಗೆ ಕೂತಿದಾರೆ."

ಲಿವಿಯು ಎದ್ದು ಹೊರಗೆ ಬಂದ.

ಕಾರಿಡಾರಿನ ಬೆಂಚಿನಲ್ಲಿ ನರೆಗೂದಲಿನ ಹೆಂಗಸೊಬ್ಬಳು ಹಸಿರು ಕೋಟು ತೊಟ್ಟು ಕೂತಿದ್ದಳು. ಓರೆಗಣ್ಣಲ್ಲಿ ಒಮ್ಮೆ ನೋಡಿದಳು. ರೆಪ್ಪೆ ಮಾತ್ರ ಬಾಗಿಸಲಿಲ್ಲ.

"ದಪ್ಪ ಆಗಿದೀಯ," ಎಂದಳು ರೊಮೇನಿಯನ್‌ನಲ್ಲಿ.

"ಯಾಕೆ ಹೇಳಲಿಲ್ಲ ಇಲಿಂಕಾ?"

"ನಿನಗೆ? ಎರಡು ಗ್ಲಾಸ್ ವೈನ್ ಇಳಿದರೆ ಊರಿಗೆಲ್ಲ ಸಾರ್ತಿದ್ದೆ. ಇಬ್ಬರೂ ಜೈಲು ಸೇರ್ತಿದ್ವಿ. ನೀನು ಚಿತ್ರೋತ್ಸವದಿಂದ ಬಂದಮೇಲೆ ಹೇಳೋಣ ಅಂತಿದ್ದೆ." ಅವಳ ಗದ್ದ ಅದುರಿತು. "ನೀನು ಬರಲೇ ಇಲ್ಲ."

ಲಿವಿಯು ಅವಳ ಪಕ್ಕ ಕುಸಿದು ಕೂತ. ದ್ರೋಹ ಮಾಡಿದಳೆಂದು ಇಡೀ ಬದುಕು ಅವಳ ಮೇಲೆ ಮುನಿಸಿಕೊಂಡಿದ್ದನಲ್ಲ! ಕಣ್ಣೀರು ಒರೆಸಿಕೊಳ್ಳಲೂ ಕೈ ಏಳಲಿಲ್ಲ. ಅವಳೇ ತನ್ನ ಕರವಸ್ತ್ರ ಚಾಚಿದಳು.

"ನಾಳೆ ವಾಪಸ್ ಫ್ಲೈಟು," ಎಂದಳು.

"ಹೋಗಬೇಡ."

"ನನಗೆ ಜರ್ಮನ್ ಬರಲ್ಲ."

"ನನಗೂ ಅಷ್ಟಕ್ಕಷ್ಟೇ." ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದ. "ನಿನ್ನನ್ನ ಪ್ರೀತಿಸ್ತೀನಿ, ಇಲಿಂಕಾ."

"ಏನು?"

"ಪ್ರೀತಿಸ್ತೀನಿ ಅಂದೆ!"

"ಆ ಕಿವಿ ಕೇಳಿಸಲ್ಲ ಕಣೋ, ಈ ಕಡೆ ಬಾ."

ಲಿವಿಯು ಎದ್ದು, ಬೆಂಚು ಬಳಸಿಕೊಂಡು, ಆ ಕಡೆಗೆ ಹೋಗಿ ಕೂತ. ಮೊದಲಿಂದ ಹೇಳತೊಡಗಿದ.