ಮಾವನ ಕುದುರೆಗೆ ಸಿಳ್ಳೆ

ನಮ್ಮ ಪಂಪಾ ಹುಲ್ಲುಬಯಲಲ್ಲಿ ಕುದುರೆ ನೀರು ಕುಡಿಯಬೇಕಾದರೆ ಪಕ್ಕದಲ್ಲಿ ನಿಂತು ಮೆಲ್ಲಗೆ ಸಿಳ್ಳೆ ಹಾಕಬೇಕು. ಎಲೆಯುತೇರಿಯೊ ಮಾವನಿಗೆ ಮುಂದಿನ ಹಲ್ಲಿರಲಿಲ್ಲ; ಸಿಳ್ಳೆಯ ಜೊತೆ ಬುಸ್ಸೆಂದು ಗಾಳಿಯೂ ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ಅವನ ಕುದುರೆ ಚಿಸ್ಪಾ ನನ್ನ ಸಿಳ್ಳೆ ಕೇಳಿದರೆ ಮುಖ ತಿರುಗಿಸುತ್ತಿತ್ತು; ನಾನು ದೂರ ಹೋದಮೇಲಷ್ಟೇ ಎರಡು ಗುಟುಕು ಕುಡಿಯುತ್ತಿತ್ತು.

“ನಿನ್ನ ಸಿಳ್ಳೆಗೆ ಕತ್ತೆ ಕೂಡ ಕುಡಿಯಲ್ಲ ಕಣೋ,” ಅಂತ ರಮೋನಾ ಅತ್ತೆ ಅಡುಗೆಮನೆಯಿಂದಲೇ ಆಡಿಕೊಳ್ಳುತ್ತಿದ್ದಳು. ಆದರೂ ನಾಲ್ಕು ತಿಂಗಳು ದಿನಾ ನೀರಿನ ತೊಟ್ಟಿಯ ಹತ್ತಿರ ಸಿಳ್ಳೆ ಹಾಕುತ್ತ ಕೂತೆ.

ಒಂದು ಮಧ್ಯಾಹ್ನ ಅಲ್ಲೇ ಕೂತು ರೊಟ್ಟಿ ಅಗಿಯುತ್ತಿದ್ದೆ. ಸುಡುಬಿಸಿಲಲ್ಲಿ, ಯಾರೋ ಪಕ್ಕದಲ್ಲಿ ನಿಂತು ಊದಿದಂತೆ, ನನ್ನ ಎಡಕಿವಿಯೊಂದೇ ತಣ್ಣಗಾಯಿತು. ಚಿಸ್ಪಾ ತಾನಾಗಿ ಬಂದು ಹೊಟ್ಟೆತುಂಬ ಕುಡಿಯಿತು.

“ಅಂತೂ ಸಿಳ್ಳೆ ಕಲಿತ್ಯಲ್ಲೋ! ಥೇಟ್ ನಿಮ್ಮ ಮಾವಂದೇ!” ಅತ್ತೆ ಕೂಗಿದಳು.

ನನ್ನ ಬಾಯ್ತುಂಬ ಇನ್ನೂ ರೊಟ್ಟಿಯಿತ್ತು.

ಅಂದಿನಿಂದ ಚಿಸ್ಪಾ ನನ್ನ ಸಿಳ್ಳೆಗೂ ಕುಡಿಯುತ್ತದೆ, ಒದ್ದೆ ಮೂತಿಯನ್ನು ನನ್ನ ಹೆಗಲಿಗೆ ಒರೆಸುತ್ತದೆ. ಈಗ ನನ್ನ ಸಿಳ್ಳೆಯೂ ಬುಸ್ಸೆನ್ನುತ್ತದೆ. ನನ್ನ ಹಲ್ಲು ಒಂದೂ ಬಿದ್ದಿಲ್ಲ.